ರಾತ್ರಿ ಮೊಸರು, ಬೆಳಿಗ್ಗೆ ನೆಗಡಿ: ನಂಬಿಕೆಯನ್ನು ಒರೆಗೆ ಹಚ್ಚುವುದು ಹೇಗೆ

'ರಾತ್ರಿ ಮೊಸರು ತಿಂದರೆ ನೆಗಡಿ ಆಗುತ್ತೆ' ಎನ್ನುವುದು ಅಜ್ಜಿಯ ಮಾತು. ಬೇರೂರಿದ ನಂಬಿಕೆಯನ್ನು ಪರೀಕ್ಷಿಸುವ ಅಭ್ಯಾಸಕ್ಕೆ ಇಂಥದ್ದೇ ವಾಸಿ. ದೇವರು, ರಾಜಕೀಯದಿಂದ ಶುರು ಮಾಡಿದರೆ ಮೊದಲ ದಿನವೇ ಜಗಳ. (ಹಾಲು-ಮೊಸರು ಒಗ್ಗದವರು, ಉಬ್ಬಸ ಇರುವವರು ಬೇರೆ ನಂಬಿಕೆ ಆರಿಸಿಕೊಳ್ಳಿ.)

ಮೊದಲು ನಂಬಿಕೆ ಸೋಲಲು ಸಾಧ್ಯವಾಗುವ ಹಾಗೆ ಅದನ್ನು ಬರೆಯಿರಿ. 'ನೆಗಡಿ' ಅಂದರೆ ಸಾಲದು. 'ಎದ್ದ ಒಂದು ಗಂಟೆಯೊಳಗೆ ಮೂಗು ಕಟ್ಟಿರಬೇಕು, ಇಲ್ಲವೇ ಮೂರಕ್ಕಿಂತ ಹೆಚ್ಚು ಸೀನು ಬರಬೇಕು' ಎನ್ನಿ. ನೂರಕ್ಕೆ ಎಷ್ಟು ನಂಬುತ್ತೀರಿ, ಏನು ಕಂಡರೆ ಬಿಡುತ್ತೀರಿ ಎಂದೂ ಬರೆದು ತಾರೀಖು ಹಾಕಿ. ಇದನ್ನು ಬರೆಯದವರು ಕೊನೆಗೆ 'ಹುಳಿ ಮೊಸರಾದರೆ ಮಾತ್ರ' ಎಂದು ಜಾರಿಕೊಳ್ಳುತ್ತಾರೆ.

ಪರೀಕ್ಷೆ 40 ರಾತ್ರಿ. ಊಟಕ್ಕೆ ಮುಂಚೆ ನಾಣ್ಯ ಚಿಮ್ಮಿ: ಹೆಡ್ಸ್ ಬಿದ್ದರೆ ಒಂದು ಬಟ್ಟಲು ಮೊಸರು, ಟೇಲ್ಸ್ ಬಿದ್ದರೆ ಇಲ್ಲ. ನಾಣ್ಯ ಯಾಕೆಂದರೆ, ಗಂಟಲು ಕೆರೆಯುವ ದಿನ, ಮಳೆ ಹಿಡಿದ ದಿನ ನಾವಾಗಿಯೇ ಮೊಸರು ದೂರವಿಡುತ್ತೇವೆ; ಮೊಸರಿನ ಲೆಕ್ಕದಲ್ಲಿ ಮಳೆಯ ಲೆಕ್ಕ ಬೆರೆತುಹೋಗುತ್ತದೆ. ಬೆಳಗಿನ ಸೀನನ್ನು, ನೀವು ರಾತ್ರಿ ಏನು ತಿಂದಿರೆಂದು ಗೊತ್ತಿಲ್ಲದ ಮನೆಯವರು ಎಣಿಸಿದರೆ ಇನ್ನೂ ಒಳ್ಳೆಯದು.

ಏನೂ ಆಗದ ಬೆಳಗನ್ನೂ ಆಗಲೇ ಬರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ತನ್ನ ತೀರ್ಮಾನಕ್ಕೆ ಎದುರಾದ ಸಂಗತಿ ಬೇಗ ಮರೆತುಹೋಗುತ್ತದೆಂದು ಡಾರ್ವಿನ್ ಅಂಥದ್ದನ್ನು ಕಂಡ ಕೂಡಲೇ ಬರೆದಿಡುತ್ತಿದ್ದ.

ಕೊನೆಗೆ ಚೌಕ ಎಳೆದು ನಾಲ್ಕು ಮನೆ ಮಾಡಿ. ಮೊಸರು ತಿಂದ 22 ರಾತ್ರಿಗಳಲ್ಲಿ 6 ಸಲ ಮೂಗು ಕಟ್ಟಿತು, 16 ಸಲ ಇಲ್ಲ. ತಿನ್ನದ 18ರಲ್ಲಿ 5 ಸಲ ಕಟ್ಟಿತು, 13 ಸಲ ಇಲ್ಲ ಎಂದುಕೊಳ್ಳಿ. ಆ 6 ಒಂದನ್ನೇ ನೋಡಿದರೆ ನಂಬಿಕೆ ಗಟ್ಟಿಯಾಗುತ್ತದೆ. ನಾಲ್ಕನ್ನೂ ನೋಡಿದರೆ ಎರಡೂ ಕಡೆ ನೂರಕ್ಕೆ 27-28. ಮೊಸರಿನ ತಪ್ಪು ಕಾಣುವುದಿಲ್ಲ. ತಿಂದ 22ರಲ್ಲಿ 12, ತಿನ್ನದ 18ರಲ್ಲಿ 3 ಬಂದಿದ್ದರೆ ಅಜ್ಜಿಯ ಮಾತಿಗೆ ಬೆಲೆ ಕೊಡಬೇಕಾಗಿತ್ತು. ಒಂದೆರಡರ ವ್ಯತ್ಯಾಸವನ್ನು ಮಾತ್ರ ನೆಚ್ಚಬೇಡಿ.

ಮೊದಲು ನೂರಕ್ಕೆ 80 ಎಂದು ಬರೆದಿದ್ದ ನಂಬಿಕೆಯನ್ನು ಒಂದೇ ಏಟಿಗೆ ಸೊನ್ನೆ ಮಾಡುವುದೂ ಅವಸರವೇ. 40ಕ್ಕೆ ಇಳಿಸಿ, ಚಳಿಗಾಲದಲ್ಲಿ ಇನ್ನೊಮ್ಮೆ ಮಾಡಿ.

'ಪಕ್ಕದ ಬೀದಿಯವರು ಜಿಪುಣರು' ಎಂಬಂಥದ್ದಕ್ಕೆ ನಾಣ್ಯ ನಡೆಯದು, ಚೌಕ ನಡೆಯುತ್ತದೆ: ಆ ಬೀದಿ, ನಮ್ಮ ಬೀದಿ; ಚಂದಾ ಕೊಟ್ಟರು, ಕೊಡಲಿಲ್ಲ ಎಂದು ನಾಲ್ಕು ಮನೆ. ನಮ್ಮ ಬೀದಿಯವರೇ ಚಂದಾ ಕೊಡದೆ ಕಳಿಸಿದ ಸಲಗಳ ಮನೆ ಸಾಮಾನ್ಯವಾಗಿ ಖಾಲಿ ಉಳಿಯುತ್ತದೆ. ಮೊದಲು ಅದನ್ನು ತುಂಬಿ.