18 ಮಕ್ಕಳ ತರಗತಿ: ನನ್ನ ಅನುಭವ

ಪಟ್ಟಣದ ಶಾಲೆಯಲ್ಲಿದ್ದಾಗ ನನ್ನ ನಾಲ್ಕನೇ ತರಗತಿಯಲ್ಲಿ 50ಕ್ಕೂ ಜಾಸ್ತಿ ಮಕ್ಕಳಿದ್ದರು. ವರ್ಗಾವಣೆಯಾಗಿ ಈ ಊರಿಗೆ ಬಂದ ಮೇಲೆ 18 ಮಕ್ಕಳು. ಪುಸ್ತಕ ಅದೇ, ಪಾಠ ಅದೇ. ಆದರೆ ಇಲ್ಲಿ ಮಕ್ಕಳು ಬರೆಯುತ್ತಿರುವಾಗಲೇ ನೋಡಬಹುದು. ಅಲ್ಲಿ ಬರೆದು ಮುಗಿಸಿದ್ದನ್ನಷ್ಟೇ ನೋಡಲು ಆಗುತ್ತಿತ್ತು.

ಒಂದು ದಿನ 52ರಲ್ಲಿ 27 ಕಳೆಯಲು ಕೊಟ್ಟಿದ್ದೆ. ಒಬ್ಬ ಹುಡುಗಿ 35 ಎಂದು ಬರೆದಳು. ನೋಟ್‌ಬುಕ್ಕಿನ ರಾಶಿಯಲ್ಲಿ ಅದು ಬರೀ ಒಂದು ತಪ್ಪು ಉತ್ತರ. ಪಕ್ಕದಲ್ಲಿ ಕೂತು "ಹೇಗೆ ಬಂತಮ್ಮಾ ಇದು?" ಎಂದು ಕೇಳಿದೆ. "ಎರಡ್ರಲ್ಲಿ ಏಳು ಹೋಗಲ್ಲ ಮಿಸ್, ಅದ್ಕೇ ಏಳ್ರಲ್ಲಿ ಎರಡು ಕಳೆದೆ" ಎಂದಳು. ಅಂದರೆ ಕಳೆಯುವುದು ಅವಳಿಗೆ ಚೆನ್ನಾಗಿಯೇ ಬರುತ್ತದೆ, ದಶಕ ಬಿಡಿಸುವುದು ಬರುವುದಿಲ್ಲ. ಹತ್ತು ಹತ್ತರ ಐದು ಕಡ್ಡಿ ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದಿಟ್ಟು, ಅದರಲ್ಲಿ ಏಳು ಬಿಡಿ ಕಡ್ಡಿ ಕೊಡು ಎಂದೆ. ಸ್ವಲ್ಪ ಹೊತ್ತು ನೋಡಿ, ತಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದಳು. ಆಮೇಲೆ 61ರಲ್ಲಿ 34 ಕೊಟ್ಟೆ. ಸರಿಯಾಗಿ 27 ಬರೆದಳು.

ಓದಿನಲ್ಲೂ ಹಾಗೇ. ಎಲ್ಲರೂ ಒಟ್ಟಿಗೆ ಹೇಳುವಾಗ ಒತ್ತಕ್ಷರ ನುಂಗುವ ಮಗು ಯಾರು ಅಂತ ಗೊತ್ತೇ ಆಗಲ್ಲ. ಒಬ್ಬೊಬ್ಬರೇ ಓದಬೇಕು. 40 ನಿಮಿಷದ ಪಿರಿಯಡ್‌ನಲ್ಲಿ 18 ಮಕ್ಕಳಿದ್ದರೆ ತಲಾ ಎರಡು ನಿಮಿಷ ಸಿಗುತ್ತದೆ. 50 ಮಕ್ಕಳಿದ್ದರೆ ಒಂದು ನಿಮಿಷವೂ ಇಲ್ಲ.

ಅಮೆರಿಕದ ಟೆನ್ನೆಸ್ಸೀ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ಇದನ್ನೇ ದೊಡ್ಡದಾಗಿ ಪರೀಕ್ಷಿಸಿದ್ದರು. 13ರಿಂದ 17 ಮಕ್ಕಳ ತರಗತಿಯವರು 22ರಿಂದ 25 ಮಕ್ಕಳ ತರಗತಿಯವರಿಗಿಂತ ಓದು, ಲೆಕ್ಕ ಎರಡರಲ್ಲೂ ಮುಂದಿದ್ದರು. ನನಗೆ ಆಶ್ಚರ್ಯವಾಗಲಿಲ್ಲ. ಆದರೆ ಮಕ್ಕಳು ಕಡಿಮೆ ಇದ್ದಾರೆ ಅಂತ ಸುಮ್ನೆ ಬೋರ್ಡಿನ ಮುಂದೆ ನಿಂತು ಹೇಳುತ್ತಾ ಹೋದರೆ ಏನೂ ಸಿಗಲ್ಲ. ನಾನು ಬೋರ್ಡಿನ ಹತ್ತಿರ ಹತ್ತು ನಿಮಿಷ ಇರುತ್ತೇನೆ. ಉಳಿದ ಹೊತ್ತೆಲ್ಲ ಮಕ್ಕಳ ನಡುವೆ. ತಿದ್ದುವುದೂ ಮಗುವಿನ ಎದುರಿಗೇ.

ಇನ್ನೊಂದು ಮಾತು ಹೇಳಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು. ಲೆಕ್ಕಕ್ಕೆ ತಲಾ 30, ಸರಿಯೇ. ಆದರೆ ತರಗತಿ ಐದು, ಶಿಕ್ಷಕರು ಇಬ್ಬರು! ಅವರಲ್ಲೊಬ್ಬರು ಬಿಸಿಯೂಟದ ಲೆಕ್ಕ, ದಾಖಲಾತಿ, ಮೀಟಿಂಗ್ ಎಲ್ಲ ನೋಡಿಕೊಳ್ಳಬೇಕು. ಅಂಥ ಕಡೆ 12 ಮಕ್ಕಳ ತರಗತಿಯೂ ಸಣ್ಣದಲ್ಲ. ಒಂದು ತರಗತಿಯ ಮಗು ಲೆಕ್ಕ ತಪ್ಪುವಾಗ ಟೀಚರ್ ಇನ್ನೊಂದು ತರಗತಿಗೆ ಪದ್ಯ ಹೇಳಿಕೊಡುತ್ತಿರುತ್ತಾರೆ, ಅಲ್ವಾ? ಮಗುವನ್ನು ಸೇರಿಸಲು ಬರುವ ಪೋಷಕರು ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಕೇಳುತ್ತಾರೆ. ಅದರ ಜೊತೆಗೆ ಒಬ್ಬ ಟೀಚರ್ ಏಕಕಾಲಕ್ಕೆ ಎಷ್ಟು ತರಗತಿ ನೋಡಿಕೊಳ್ಳುತ್ತಾರೆ ಎಂದೂ ಕೇಳಿ.