ಇಂಗ್ಲಿಷ್ ಪದಗಳ ಬಳಕೆ ನಾನು ಕಲಿತ ಬಗೆ

ಓದುವಾಗ ಸಲೀಸಾಗಿ ಅರ್ಥವಾಗುವ ಇಂಗ್ಲಿಷ್ ಪದ ಬರೆಯಲು ಕೂತಾಗ ಕೈಕೊಡುತ್ತದೆ. ವರದಿ, ಪತ್ರಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲು ಬದಲಾಯಿಸಿದ್ದು ನಿಘಂಟನ್ನು. ಇಂಗ್ಲಿಷ್-ಕನ್ನಡ ನಿಘಂಟು ಓದಿಗೆ ಸಾಕು. ಬರವಣಿಗೆಗೆ ಬೇಕಾದದ್ದು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಸಹೋದ್ಯೋಗಿಗಳೊಂದಿಗೆ ಸಿದ್ಧಪಡಿಸಿದ ಅಂಥ ನಿಘಂಟು 1942ರಲ್ಲಿ ಅಲ್ಲೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮತ್ತೆ ಪ್ರಕಟಿಸಿತು. ಯಾವ ಕ್ರಿಯಾಪದ ಯಾವ ವಾಕ್ಯರಚನೆಗೆ ಒಗ್ಗುತ್ತದೆ, ಯಾವ ನಾಮಪದಕ್ಕೆ ಬಹುವಚನವಿಲ್ಲ ಎಂಬುದನ್ನೆಲ್ಲ ಅದು ಗುರುತು ಹಾಕಿ ತೋರಿಸಿತು.

ಆ ಪುಟ್ಟ ಗುರುತುಗಳನ್ನು ಅರ್ಥಕ್ಕಿಂತ ಮೊದಲು ನೋಡುವುದು ನನ್ನ ರೂಢಿ. ಕನ್ನಡದಲ್ಲಿ ‘ಬಗ್ಗೆ ಚರ್ಚಿಸಿದೆವು’ ಎನ್ನುತ್ತೇವಾದ್ದರಿಂದ ‘ಡಿಸ್ಕಸ್’ ಮುಂದೆ ‘ಅಬೌಟ್’ ತಾನಾಗಿ ಬಂದು ಕೂರುತ್ತದೆ. ಆ ಕ್ರಿಯಾಪದಕ್ಕೆ ಅದು ಬೇಡ. ‘ಡಿಸ್ಕಶನ್’ ಎಂಬ ನಾಮಪದಕ್ಕಾದರೆ ಸರಿ. ‘ಅಡ್ವೈಸ್’, ‘ಇಕ್ವಿಪ್‌ಮೆಂಟ್’, ‘ಇನ್ಫರ್ಮೇಶನ್’ ಎಷ್ಟಿದ್ದರೂ ಕೊನೆಗೆ ‘ಸ್’ ಸೇರುವುದಿಲ್ಲ.

ಇಷ್ಟರಿಂದಲೂ ತೀರದ ಸಂಶಯಕ್ಕೆ ಕಾರ್ಪಸ್ ಇದೆ. ಕಾರ್ಪಸ್ ಎಂದರೆ ನಿಜವಾದ ಬರಹ, ಮಾತುಗಳ ಹುಡುಕಬಲ್ಲ ಸಂಗ್ರಹ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಒಂದರಲ್ಲೇ ಸುಮಾರು 10 ಕೋಟಿ ಪದಗಳಿವೆ. ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ. ಒಂದು ಪದ ಹಾಕಿದರೆ ಅದು ನಡುವೆ ನಿಂತು, ಎಡಬಲಕ್ಕೆ ವಾಕ್ಯದ ತುಣುಕುಗಳು ಸಾಲುಸಾಲಾಗಿ ಬರುತ್ತವೆ. ಬಲಗಡೆಯ ಪದಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿಕೊಂಡು ನಿಧಾನವಾಗಿ ಓದುತ್ತೇನೆ. ‘ಕಾಸ್’ ಎಂಬ ಕ್ರಿಯಾಪದವನ್ನು ಹೀಗೆ ನೋಡಿ. ನಿಘಂಟಿನ ಅರ್ಥ ‘ಉಂಟುಮಾಡು’ ಅಷ್ಟೇ, ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಸಾಲುಗಳಲ್ಲಿ ಅದರ ಬೆನ್ನಿಗೆ ಬರುವುದು ಹೆಚ್ಚಾಗಿ ಹಾನಿ, ನೋವು, ಸಮಸ್ಯೆ, ಸಾವು. ಹಾಗಾಗಿ ಒಂದು ಯೋಜನೆಯಿಂದ ಸುಧಾರಣೆಯಾಯಿತು ಎಂದು ಬರೆಯುವಾಗ ನಾನು ‘ಲೆಡ್ ಟು’ ಅಥವಾ ‘ಬ್ರಾಟ್ ಅಬೌಟ್’ ಬಳಸುತ್ತೇನೆ. ವ್ಯಾಕರಣದ ಪ್ರಕಾರ ‘ಕಾಸ್’ ತಪ್ಪಲ್ಲ, ಆದರೆ ಓದುವವರ ಕಿವಿಗೆ ಅಪಸ್ವರ. ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’ ಎಂಬಂಥ ಜೋಡಿಗಳೂ ಇಲ್ಲೇ ಸಿಗುತ್ತವೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂಟಿ ಪದಗಳಿಲ್ಲ; ಇರುವುದೆಲ್ಲ ಇಂಥ ಜೋಡಿಗಳು, ಜೊತೆಗೊಂದು ಪೂರ್ತಿ ವಾಕ್ಯ.

ಪದ ಯಾವ ದೇಶದ್ದು ಎಂಬುದನ್ನೂ ಪಕ್ಕದಲ್ಲಿ ಬರೆದಿಡುತ್ತೇನೆ. ಸಭೆಯಲ್ಲಿ ಪ್ರಸ್ತಾವವನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಮಂಡಿಸುವುದು, ಅಮೆರಿಕದಲ್ಲಿ ಚರ್ಚೆಯನ್ನು ಮುಂದಕ್ಕೆ ಹಾಕುವುದು.

ಕಾನೂನಿನ ಪದಗಳಿಗೆ ಮಾತ್ರ ನನ್ನ ದಾರಿ ಬೇರೆ. ಒಪ್ಪಂದದಲ್ಲಿ ‘ಕನ್ಸಿಡರೇಶನ್’ ಕಂಡರೆ ಅದು ‘ಪರಿಗಣನೆ’ ಅಲ್ಲ, ಮಾತಿಗೆ ಪ್ರತಿಯಾಗಿ ಸಿಗುವ ಪ್ರತಿಫಲ. ಒಪ್ಪಂದದ ನಡುವೆ ದೊಡ್ಡಕ್ಷರದಿಂದ ಶುರುವಾಗುವ ಸಾಮಾನ್ಯ ಪದ ಸಿಕ್ಕರೆ ನಿಘಂಟು ತೆರೆಯುವುದೇ ಇಲ್ಲ. ನೇರವಾಗಿ ಅದೇ ಪತ್ರದ ವ್ಯಾಖ್ಯೆಗಳ ಭಾಗಕ್ಕೆ ಹೋಗುತ್ತೇನೆ. ಅಲ್ಲಿ ಕೊಟ್ಟ ಅರ್ಥವೇ ಆ ಪತ್ರದ ಮಟ್ಟಿಗೆ ಅಂತಿಮ.