ಸ್ಕ್ಯಾನ್ ಒತ್ತಿದ ಕೂಡಲೇ ರಾಡಾರ್ ಯಾಕೆ ಕುಂಟುತ್ತದೆ?

ನಾನು ಕೆಲಸ ಮಾಡುತ್ತಿದ್ದ ಆ್ಯಂಡ್ರಾಯ್ಡ್ ಸೆಕ್ಯುರಿಟಿ ಆ್ಯಪ್‌ನಲ್ಲಿ ಒಂದು ಹಸಿರು ರಾಡಾರ್ ಇತ್ತು. ಸ್ಕ್ಯಾನ್ ಒತ್ತಿದರೆ ಗಿರ್ರನೆ ತಿರುಗಬೇಕು. ಎರಡು ಸುತ್ತು ಸಲೀಸಾಗಿ ತಿರುಗಿ, ಆಮೇಲೆ ಗಕ್ಕಂತ ನಿಂತು, ಕಾಲು ಸುತ್ತು ಹಾರಿ ಮತ್ತೆ ಓಡುತ್ತಿತ್ತು. ಬೇರೆ ಆ್ಯಪ್ ಆಗಿದ್ದರೆ ಜನ ಗಮನಿಸದೇ ಇರಬಹುದು. ಇಲ್ಲಿ ರಾಡಾರ್ ನಿಂತರೆ 'ವೈರಸ್ ಸಿಕ್ತೇನೋ' ಅಂತ ಎದೆ ಧಸಕ್ಕೆನ್ನುತ್ತದೆ, ಅಲ್ವಾ?

ಎರಡು ದಿನ ಅನಿಮೇಶನ್ ಕೋಡನ್ನೇ ತಿದ್ದುತ್ತಾ ಕೂತೆ. ಮುಖ್ಯ ತಪ್ಪು ಅಲ್ಲಿರಲಿಲ್ಲ. 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಫ್ರೇಮ್, ಅಂದರೆ ಬಿಡಿ ಚಿತ್ರ, ತೋರಿಸುತ್ತದೆ. ಅದರಲ್ಲಿ ಒಂದು ಫ್ರೇಮ್‌ಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. 120 ಹರ್ಟ್ಸ್‌ನಲ್ಲಿ ಬರೀ 8.3. ಅಷ್ಟರಲ್ಲಿ ಚಿತ್ರ ಸಿದ್ಧವಾಗದಿದ್ದರೆ ಆ ಫ್ರೇಮ್ ಹೋಯಿತು. ನಮ್ಮಂಥ ಆ್ಯಪ್‌ನ ಪಾಡು ನೋಡಿ: ಮೈಮುರಿಯುವ ಕೆಲಸ ಮಾಡುವ ಹೊತ್ತಿಗೇ ಪರದೆ ಮೇಲೆ ನಗ್ತಾ ಕುಣಿಯಬೇಕು.

ಹಾಗಾಗಿ ಮೊದಲು ಅಳೆಯಿರಿ, ಆಮೇಲೆ ತಿದ್ದಿ. ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿಯಲ್ಲಿ 'ಡಂಪ್‌ಸಿಸ್ ಜಿಎಫ್‌ಎಕ್ಸ್‌ಇನ್ಫೋ' ಜೊತೆ ನಿಮ್ಮ ಪ್ಯಾಕೇಜ್ ಹೆಸರು ಕೊಟ್ಟರೆ ಒಟ್ಟು ಎಷ್ಟು ಫ್ರೇಮ್, ಅದರಲ್ಲಿ ಎಷ್ಟು ತಡವಾದವು ಅಂತ ಹೇಳುತ್ತದೆ. ಸ್ಕ್ಯಾನಿಗೆ ಮುಂಚೆ ಅದೇ ಆಜ್ಞೆಯ ಕೊನೆಗೊಂದು 'ರೀಸೆಟ್' ಸೇರಿಸಿ ಹಳೆಯ ಲೆಕ್ಕ ಅಳಿಸಿ. ತಪ್ಪು ಹುಡುಕಲೆಂದು ಕಟ್ಟುವ ಡೀಬಗ್ ಬಿಲ್ಡ್‌ನಲ್ಲಿ ಅಳೆಯಬೇಡಿ, ಅದು ಹೇಗೂ ನಿಧಾನ. ಫೋನಿನ ದಾಖಲೆ ಸಾಲುಗಳು ಕಾಣುವ ಲಾಗ್‌ಕ್ಯಾಟ್‌ನಲ್ಲಿ, ಫ್ರೇಮ್‌ಗಳ ತಾಳ ನೋಡಿಕೊಳ್ಳುವ ಕೊರಿಯೋಗ್ರಾಫರ್ 'ಇಷ್ಟು ಫ್ರೇಮ್ ತಪ್ಪಿತು' ಅಂತ ದೂರುತ್ತಿದ್ದರೆ ಮೇನ್ ಥ್ರೆಡ್, ಅಂದರೆ ಪರದೆಯನ್ನು ನೋಡಿಕೊಳ್ಳುವ ಮುಖ್ಯ ಕೆಲಸದ ಎಳೆ, ಎಲ್ಲೋ ಸಿಕ್ಕಿಕೊಂಡಿದೆ. ಎಲ್ಲಿ ಅನ್ನುವುದಕ್ಕೆ ಪರ್ಫೆಟ್ಟೊ ಅನ್ನುವ ಸಾಧನದಲ್ಲಿ ಟ್ರೇಸ್, ಅಂದರೆ ಯಾವ ಥ್ರೆಡ್ ಯಾವಾಗ ಏನು ಮಾಡಿತು ಅನ್ನುವ ದಾಖಲೆ, ತೆಗೆಯಿರಿ.

ನಮ್ಮ ಟ್ರೇಸ್ ತೆರೆದಾಗ ನಗು ಬಂತು. ರಾಡಾರ್ ಕೆಳಗೆ ಸಣ್ಣ ಅಕ್ಷರದಲ್ಲಿ ಈಗ ಯಾವ ಫೈಲ್ ನೋಡುತ್ತಿದ್ದೇವೆ ಅಂತ ಓಡುವ ಒಂದು ಸಾಲಿತ್ತು. ಯಾರೂ ಓದದ ಸಾಲು. ಪ್ರತಿ ಫೈಲಿಗೂ ಒಂದು ಸಂದೇಶ ಮೇನ್ ಥ್ರೆಡ್‌ಗೆ ಹೋಗುತ್ತಿತ್ತು. ಫೈಲುಗಳೋ ಸಾವಿರಾರು. ಸಾಲದ್ದಕ್ಕೆ ಆ ಸಾಲನ್ನು ತೋರಿಸುವ ಟೆಕ್ಸ್ಟ್‌ವ್ಯೂನ ಅಗಲ 'ವ್ರ್ಯಾಪ್ ಕಂಟೆಂಟ್', ಒಳಗಿನ ಅಕ್ಷರಗಳಷ್ಟೇ ಅಗಲ. ಅಂದರೆ ಹೆಸರು ಬದಲಾದಾಗಲೆಲ್ಲ ಲೇಔಟ್ (ಯಾವುದು ಎಲ್ಲಿ, ಎಷ್ಟು ಜಾಗದಲ್ಲಿ) ಲೆಕ್ಕ ಮತ್ತೆ ಮಾಡಬೇಕು. ಒಂದು ಸಾಲಿನ ದೆಸೆಯಿಂದ ಇಡೀ ಸ್ಕ್ರೀನ್ ಏದುಸಿರು ಬಿಡುತ್ತಿತ್ತು.

ಇದಕ್ಕೆ ಮದ್ದು ಎರಡು. ಸ್ಕ್ಯಾನರ್ ತನ್ನ ಪಾಡಿಗೆ, ಕೊನೆಗೆ ಬರೆದದ್ದನ್ನಷ್ಟೇ ಇಟ್ಟುಕೊಳ್ಳುವ ಸ್ಟೇಟ್‌ಫ್ಲೋಗೆ ಬರೆಯಲಿ, ಸ್ಕ್ರೀನ್ ಅದನ್ನು 100 ಮಿಲಿಸೆಕೆಂಡಿಗೊಮ್ಮೆ ಮಾತ್ರ ಸ್ಯಾಂಪಲ್ ಮಾಡಲಿ. ಮಧ್ಯದವು ಬಿಟ್ಟುಹೋದರೆ ಹೋಗಲಿ, ಸೆಕೆಂಡಿಗೆ ಹತ್ತು ಹೆಸರು ಕಣ್ಣಿಗೆ ಜಾಸ್ತಿಯೇ. ಇನ್ನೊಂದು, ಟೆಕ್ಸ್ಟ್‌ವ್ಯೂಗೆ ನಿಗದಿ ಅಗಲ, ನಿಗದಿ ಎತ್ತರ, ಒಂದೇ ಸಾಲು. ಉದ್ದದ ಹೆಸರಿನ ನಡುವೆ ಚುಕ್ಕಿ ಬೀಳಲಿ. ಆಗ ಲೇಔಟ್ ತಂಟೆ ಇಲ್ಲದೆ ಆ ಜಾಗ ಮಾತ್ರ ಮತ್ತೆ ಬರೆಯಲ್ಪಡುತ್ತದೆ.

ಇಷ್ಟಾದ ಮೇಲೂ ಹಳೆಯ ಫೋನ್‌ನಲ್ಲಿ ಆಗೊಮ್ಮೆ ಈಗೊಮ್ಮೆ ತಡವರಿಸುತ್ತಿತ್ತು. ಮೇನ್ ಥ್ರೆಡ್ ಖಾಲಿ, ಆದರೂ ಕುಂಟು. ನೋಡಿದರೆ ಎಂಟು ಕೋರ್ ಇದೆ ಅಂತ ಎಂಟು ಥ್ರೆಡ್ ಬಿಟ್ಟು ಶಾ-256 ಹ್ಯಾಶ್, ಅಂದರೆ ಪ್ರತಿ ಫೈಲಿನ ಬೆರಳಚ್ಚಿನಂಥ ಗುರುತು, ಲೆಕ್ಕ ಮಾಡಿಸುತ್ತಿದ್ದೆವು. ಪರದೆಗೆ ಚಿತ್ರ ಕಳಿಸುವ ರೆಂಡರ್‌ಥ್ರೆಡ್ ಸರದಿಯಲ್ಲಿ ನಿಂತಿತ್ತು! ಥ್ರೆಡ್‌ಗಳನ್ನು ಅರ್ಧಕ್ಕೆ ಇಳಿಸಿದೆ, ಅವುಗಳ ಆದ್ಯತೆಯನ್ನು ಬ್ಯಾಕ್‌ಗ್ರೌಂಡ್‌ಗೆ, ಅಂದರೆ 10ಕ್ಕೆ ಇಟ್ಟೆ (ಇಲ್ಲಿ ಅಂಕಿ ಹೆಚ್ಚಿದಷ್ಟೂ ಆದ್ಯತೆ ಕಡಿಮೆ). ಸ್ಕ್ಯಾನ್ ತುಸು ನಿಧಾನವಾಯಿತು. ಒಬ್ಬರೂ ಕೇಳಲಿಲ್ಲ.

ರಾಡಾರ್‌ನದೂ ಒಂದು ಸಣ್ಣ ತಪ್ಪಿತ್ತು, ಒಪ್ಪಿಕೊಳ್ಳುತ್ತೇನೆ. ಚಿತ್ರ ಬರೆಯುವ ಆನ್‌ಡ್ರಾ ಒಳಗೆ ಪ್ರತಿ ಫ್ರೇಮ್‌ಗೂ ಹೊಸ ಗ್ರೇಡಿಯಂಟ್ (ಬಣ್ಣದ ಏರಿಳಿತ) ಹುಟ್ಟಿಸುತ್ತಿದ್ದೆ. ಅದನ್ನು ಅಳತೆ ಬದಲಾದಾಗ ಒಮ್ಮೆ ಮಾಡಿಟ್ಟುಕೊಂಡು, ತಿರುಗಿಸಲು ವ್ಯೂನ ರೊಟೇಶನ್ ಗುಣವನ್ನೇ ಬಳಸಿ. ಹಾಗೆಯೇ ದೊಡ್ಡದಾಗುವ ವೃತ್ತಕ್ಕೆ ಅಗಲ ಎತ್ತರ ಬದಲಿಸಬೇಡಿ, ಸ್ಕೇಲ್ ಬದಲಿಸಿ. ಆ್ಯಪ್‌ಗಳ ಪಟ್ಟಿ ಸ್ಕ್ರಾಲ್ ಮಾಡುವಾಗ ತೊಡರಿದರೆ ಐಕಾನ್‌ಗಳನ್ನು ಹಿನ್ನೆಲೆಯಲ್ಲಿ ಲೋಡ್ ಮಾಡಿ.

ಅನಿಮೇಶನ್ ಪೂರ್ತಿ ನಿಂತೇ ಹೋಗಿದೆ ಅಂತ ದೂರು ಬಂದರೆ ಗಾಬರಿ ಬೇಡ. ಅವರು ಡೆವಲಪರ್ ಆಯ್ಕೆಗಳಲ್ಲಿ ಅನಿಮೇಶನ್ ಅಳತೆಯನ್ನು ಸೊನ್ನೆ ಮಾಡಿರಬಹುದು, ಬ್ಯಾಟರಿ ಸೇವರ್ ಹಾಕಿರಬಹುದು. ಆಗ ತಿರುಗದ ರಾಡಾರ್ ಬದಲು ಸರಳ ಶೇಕಡಾ ಅಂಕಿ ತೋರಿಸಿ.

ಆ ಅಂಕಿ ಮಾತ್ರ ನಿಜವಾಗಿರಲಿ. ನಯವಾಗಿ ಕಾಣಲಿ ಅಂತ 1ರಿಂದ 100ರವರೆಗೆ ಸುಳ್ಳೇ ಓಡಿಸೋಣ ಅಂತ ನಮ್ಮಲ್ಲೂ ಒಬ್ಬರು ಹೇಳಿದ್ದರು. ರಾಡಾರ್ ಅಲಂಕಾರ, ಅದು ತನ್ನಷ್ಟಕ್ಕೆ ತಿರುಗಲಿ. ಅಂಕಿಯನ್ನು ಜನ ನಂಬುತ್ತಾರೆ.

ಎಲ್ಲ ಮುಗಿದ ಮೇಲೆ ನಿಮ್ಮ ಹತ್ತಿರ ಇರುವ ಅತಿ ಬಡಪಾಯಿ ಫೋನ್ ತೆಗೆದುಕೊಳ್ಳಿ. ಸ್ಟೋರೇಜ್ ತುಂಬಿರಲಿ. ಒಂದಾದ ಮೇಲೊಂದು ಮೂರು ಸ್ಕ್ಯಾನ್ ಓಡಿಸಿ. ಬೆನ್ನು ಬಿಸಿಯಾಗಿ ಪ್ರೊಸೆಸರ್ ವೇಗ ಇಳಿದಿರುತ್ತದೆ. ಆ ಮೂರನೇ ಸ್ಕ್ಯಾನಿನ ಲೆಕ್ಕ ಬರೆದಿಟ್ಟುಕೊಳ್ಳಿ.